ಆರಂಭಶೂರತ್ವಕ್ಕೆ ಬಲಿಯಾಗುವ ಆರೋಗ್ಯ

ಜನವರಿಯ ಮೊದಲ ವಾರದಲ್ಲಿ ಬೆಳಗಿನ ಆರು ಗಂಟೆಗೆ ನಮ್ಮೂರಿನ ಮೈದಾನಕ್ಕೆ ಹೋದವರಿಗೆ ಕಾಲಿಡಲು ಸ್ಥಳವಿರುವುದಿಲ್ಲ. ಹೊಸ ಬೂಟುಗಳು, ಹೊಸ ಉತ್ಸಾಹ, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಫೆಬ್ರವರಿಯಲ್ಲಿ ಅದೇ ಮೈದಾನದಲ್ಲಿ ಉಳಿಯುವವರು ಎಂದಿನ ನಾಲ್ಕೈದು ಮಂದಿ ವೃದ್ಧರು ಮಾತ್ರ. ಇದನ್ನು ನಾವು ಸೋಮಾರಿತನವೆಂದು ಕರೆದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ. ಆದರೆ ನನ್ನ ದೃಷ್ಟಿಯಲ್ಲಿ ಇಲ್ಲಿ ದೋಷವಿರುವುದು ಮನೋಬಲದಲ್ಲಲ್ಲ, ಕೈಗೊಂಡ ಸಂಕಲ್ಪದಲ್ಲಿಯೇ.

ನನ್ನ ಹಿರಿಯಣ್ಣನವರಿಗೆ ಸಕ್ಕರೆ ಕಾಯಿಲೆ ಇರುವುದು ಪತ್ತೆಯಾದ ದಿನವೇ ಅವರು ಅನ್ನ, ಸಿಹಿ, ಕಾಫಿಯ ಸಕ್ಕರೆ ಎಲ್ಲವನ್ನೂ ತ್ಯಜಿಸಿದರು. ದಿನಕ್ಕೆ ಒಂದೂವರೆ ಗಂಟೆಯ ನಡಿಗೆ ಆರಂಭವಾಯಿತು. ಮನೆಯವರೆಲ್ಲ ಕೊಂಡಾಡಿದೆವು. ಹತ್ತೊಂಬತ್ತು ದಿನ ನಡೆಯಿತು. ಇಪ್ಪತ್ತನೆಯ ದಿನ ಬಂಧುಗಳ ಮದುವೆಯಲ್ಲಿ ಒಂದು ಜಾಮೂನು ತಿಂದರು. ಪಕ್ಕದಲ್ಲಿದ್ದವರು, "ಏನು, ಪಥ್ಯ ಮುಗಿಯಿತೇ?" ಎಂದು ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ. ಹೇಗೂ ನೇಮ ಕೆಟ್ಟಿತೆಂದು ಅವರು ಇನ್ನೆರಡನ್ನು ಹಾಕಿಸಿಕೊಂಡರು. ಮರುದಿನದಿಂದ ನಡಿಗೆ ನಿಂತಿತು. ಆಮೇಲೆ ಎರಡು ವರ್ಷ, ಫಲಿತಾಂಶ ನೋಡಲು ಮುಖವಿಲ್ಲವೆಂದು ರಕ್ತಪರೀಕ್ಷೆಯನ್ನೂ ಮಾಡಿಸಲಿಲ್ಲ. ಕಾಲಿನ ಗಾಯ ಮಾಯದೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆ ಬೆರಳುಗಳನ್ನು ಕಳೆದದ್ದು ಒಂದು ಜಾಮೂನಲ್ಲ, ಅದರ ನಂತರದ ಆ ಎರಡು ವರ್ಷಗಳು.

"ಮಾಡಿದರೆ ಸರಿಯಾಗಿ ಮಾಡಬೇಕು, ಇಲ್ಲವಾದರೆ ಬಿಡಬೇಕು" ಎಂಬ ಮಾತನ್ನು ನಾವು ಶಿಸ್ತಿನ ಲಕ್ಷಣವೆಂದು ಭಾವಿಸಿದ್ದೇವೆ. ಬಡಗಿಯ ಕೆಲಸಕ್ಕೆ ಅದು ಒಪ್ಪೀತು. ದೇಹದ ವಿಷಯದಲ್ಲಿ ಅದು ಶಿಸ್ತಿನ ವೇಷ ತೊಟ್ಟ ನೆಪ. ಒಂದು ಗಂಟೆ ನಡೆಯಲಾಗದವನು ಹತ್ತು ನಿಮಿಷವೂ ನಡೆಯದಿರಲು ಅದರಿಂದ ಅನುಮತಿ ದೊರೆಯುತ್ತದೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ವೇದವಾಕ್ಯ ಎಲ್ಲಿಂದ ಬಂತು? ಯಾವ ವೈದ್ಯರ ಸಂಶೋಧನೆಯಿಂದಲೂ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಿಂದ. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಕುರಿತು ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಸಾಕಷ್ಟು ಕಡಿಮೆಯಿತ್ತು. 7,500ರ ನಂತರ ಲಾಭ ಹೆಚ್ಚಾಗಿ ಬೆಳೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು ಸೂಚಿಸಿದರೂ, ಏನೂ ಇಲ್ಲದ್ದಕ್ಕಿಂತ ಸ್ವಲ್ಪವೂ ಮೇಲೆಂದು ಸ್ಪಷ್ಟವಾಗಿ ಹೇಳಿತು. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಿರಬೇಕೆಂಬ ಹಳೆಯ ನಿಬಂಧನೆಯನ್ನೂ ಕೈಬಿಟ್ಟಿತು. ಹಾಗೆಯೇ, ಅಭ್ಯಾಸ ಮೂಡುವ ಬಗೆಯನ್ನು ಕುರಿತು ಲಂಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲ. ಇದನ್ನು ನನ್ನ ಅಣ್ಣನವರಿಗೆ ಇಪ್ಪತ್ತೊಂದನೆಯ ಬೆಳಿಗ್ಗೆ ಹೇಳುವವರು ಯಾರೂ ಇರಲಿಲ್ಲ.

ನಮ್ಮ ನೆರೆಯ ಚೆನ್ನೈಯಲ್ಲಿಯೇ ನಡೆದ ಒಂದು ಪ್ರಯೋಗವಿದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಮಾರ್ಗದರ್ಶನವಿಲ್ಲದ ಗುಂಪಿನಲ್ಲಿ ನೂರಕ್ಕೆ 55 ಮಂದಿ ಕಾಯಿಲೆಗೆ ತುತ್ತಾದರೆ, ಊಟದಲ್ಲಿ ಹಿತಮಿತ ಮತ್ತು ಅರ್ಧ ಗಂಟೆಯ ನಡಿಗೆಯ ಸಲಹೆ ಪಡೆದವರಲ್ಲಿ ಸುಮಾರು 39 ಮಂದಿ. ಪರಿಪೂರ್ಣತೆಯನ್ನು ಬೇಡುವವರು ಆ 39ನ್ನು ತೋರಿಸಿ ತಲೆಯಾಡಿಸುತ್ತಾರೆ. ನನಗಾದರೋ ಪಾರಾದ ಆ ಹದಿನಾರು ಮನೆಗಳೇ ಕಾಣುತ್ತವೆ.

ಪರಿಪೂರ್ಣ ಪಥ್ಯದ ಭಾರ ಕೊನೆಗೆ ಬೀಳುವುದು ಅಡುಗೆಮನೆಯ ಹೆಂಗಸರ ಮೇಲೆ. ರೋಗಿಗೊಂದು ಸಾರು, ಮಕ್ಕಳಿಗೊಂದು ಸಾರು. ಪಟ್ಟಿಯಲ್ಲಿ ಓಟ್ಸು, ಆಲಿವ್ ಎಣ್ಣೆ. ಮನೆಯ ರಾಗಿಗೂ ಹುರುಳಿಗೂ ಅಲ್ಲಿ ಸ್ಥಾನವಿಲ್ಲ. (ರಾಗಿಯಲ್ಲಿಯೂ ಪಿಷ್ಟವೇ ಹೆಚ್ಚು, ಮುದ್ದೆ ಒಂದರ ಬದಲು ಎರಡಾದರೆ ಅನ್ನ ಬಿಟ್ಟ ಲಾಭ ಅಲ್ಲಿಗೇ ಮುಗಿಯಿತು.) ಇದಕ್ಕಿಂತ ಮನೆಮಂದಿಗೆಲ್ಲ ಒಂದೇ ಸಾರು ಮಾಡಿ, ಉಪ್ಪನ್ನು ಚಿಟಿಕೆಯಷ್ಟು ತಗ್ಗಿಸಿ, ಉಪ್ಪಿನಕಾಯಿಯನ್ನು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿಸಬಾರದೇ? ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವರು ಪ್ರತಿ ಲೋಟಕ್ಕೆ ಒಂದು ಚಮಚ, ಅಂದರೆ ಸುಮಾರು ನಾಲ್ಕು ಗ್ರಾಂ ಸಕ್ಕರೆ ಕಡಿಮೆ ಮಾಡಿದರೆ ತಿಂಗಳಿಗೆ 360 ಗ್ರಾಂ ಉಳಿಯಿತು. ವರ್ಷಕ್ಕೆ ನಾಲ್ಕು ಕಿಲೋಗೂ ಮಿಕ್ಕಿ.

ಹೀಗೆ ಸಡಿಲ ಬಿಟ್ಟರೆ ಎಲ್ಲವೂ ಸಡಿಲವಾಗದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ತಂಬಾಕಿನ ವಿಷಯದಲ್ಲಿ ನನ್ನ ವಾದ ನಿಲ್ಲುವುದಿಲ್ಲ. ದಿನಕ್ಕೆ ಒಂದೇ ಸಿಗರೇಟು ಕೂಡ ಹೃದಯಕ್ಕೆ ಗಣನೀಯ ಅಪಾಯವೇ, ಅದನ್ನು ಪೂರ್ತಿ ಬಿಡಲೇಬೇಕು. ವೈದ್ಯರು ಕೊಟ್ಟ ಮಾತ್ರೆಯಲ್ಲಿಯೂ ಸ್ವಂತ ರಿಯಾಯಿತಿ ಸಲ್ಲದು. ಆದರೆ ಊಟವನ್ನು ಬಿಟ್ಟು ಬದುಕಲಾಗದು. ಅಲ್ಲಿ ಜಾರುವುದು ಸಹಜ, ಮತ್ತೆ ಎದ್ದು ನಡೆಯುವುದನ್ನೇ ಕಲಿಯಬೇಕು.

ಅಣ್ಣನವರು ಈಗ ವೈದ್ಯರು ಸೂಚಿಸಿದ ಪಾದರಕ್ಷೆ ಧರಿಸಿ, ರಾತ್ರಿ ಊಟದ ನಂತರ ಹದಿನೈದು ನಿಮಿಷ ನಡೆಯುತ್ತಾರೆ. ಮಳೆಯಿದ್ದರೆ ಇಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಸಭಾಭವನದಲ್ಲಿ ಕೊಡುವ ಚಹಾವನ್ನು ಮಾತ್ರ ಅವರು ಮುಟ್ಟುವಂತಿಲ್ಲ, ಏಕೆಂದರೆ ಸಕ್ಕರೆಯನ್ನು ಮೊದಲೇ ಕದಡಿರುತ್ತಾರೆ. ಎರಡು ಬಾರಿ ಹೇಳಿದ್ದಾಯಿತು. ಈಗ ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ: ಸಕ್ಕರೆ ಹಾಕದ ಚಹಾ ಒಂದು ಪಾತ್ರೆಯಲ್ಲಿರಲಿ, ಬೇಕಾದವರಿಗೆ ಪಕ್ಕದಲ್ಲಿ ಸಕ್ಕರೆ ಡಬ್ಬಿ ಮತ್ತು ಚಮಚವಿರಲಿ.