ಭಾನುವಾರದ ಮಳಿಗೆಗೂ ಇರಲಿ ಲೆಕ್ಕ

ಭಾನುವಾರ ಬಂತೆಂದರೆ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳ ಅಂಗಳದಲ್ಲಿ ಮೇಜುಗಳ ಸಾಲು. ಇಳಕಲ್ ಸೀರೆ, ಚಟ್ನಿಪುಡಿ, ಚನ್ನಪಟ್ಟಣದ ಗೊಂಬೆ ಮಾರುವವರಲ್ಲಿ ನಮ್ಮಂಥ ಗೃಹಿಣಿಯರೂ ಇದ್ದಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಇವರಿಗೂ ನಡುಕ. ಹಲವು ಅಂಗಡಿಗಳಲ್ಲಿ ‘ಕ್ಯಾಷ್ ಮಾತ್ರ’ ಅನ್ನೋ ಚೀಟಿ ಬಂತು.

ಕ್ಯೂಆರ್ ಕೋಡ್ ಕಿತ್ತರೆ ಲಾಭವೇನು? ತೆರಿಗೆ ಬೀಳೋದು ವ್ಯಾಪಾರಕ್ಕೆ, ಯುಪಿಐಗಲ್ಲ. ವಸ್ತುಗಳನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೆನಪಿಡಿ, ಇದು ಲಾಭವಲ್ಲ, ಒಟ್ಟು ಮಾರಾಟ. ವಾರಕ್ಕೆ 20 ಸಾವಿರದ ವ್ಯಾಪಾರವಾದರೂ ವರ್ಷಕ್ಕೆ 10 ಲಕ್ಷ ಚಿಲ್ಲರೆ ಅಷ್ಟೇ.

ತೊಡಕಿರೋದು ಖಾತೆಯಲ್ಲಿ. ಮಗಳ ಫೀಸಿಗೆ ತಮ್ಮ ಕಳಿಸಿದ ದುಡ್ಡು, ಚೀಟಿ ಹಣ, ಸೀರೆ ಮಾರಿದ ಹಣ ಎಲ್ಲವೂ ಒಂದೇ ಕಡೆ ಬಿದ್ದರೆ, ಕೇಳಿದಾಗ ಬೇರ್ಪಡಿಸಿ ತೋರಿಸೋದು ಹೇಗೆ?

ಆದ್ದರಿಂದ ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಡಿ. ಪ್ರತಿ ಸಂಜೆ ಮಾರಿದ್ದು, ಮಿಕ್ಕಿದ್ದು, ಮೇಜಿನ ಬಾಡಿಗೆ, ಆಟೋ ಖರ್ಚು ಬರೆದಿಡಿ. ನಾಲ್ಕು ಸಲ ಹೋದರೂ ಬಾಡಿಗೆಯೇ ಹುಟ್ಟದ ಜಾಗ ಬಿಟ್ಟುಬಿಡಿ. ಗಿಟ್ಟುವ ಜಾಗಕ್ಕೆ ಮಾತ್ರ ತಿಂಗಳ ಅದೇ ಭಾನುವಾರ ತಪ್ಪದೆ ಹೋಗಿ, ಗಿರಾಕಿಗಳು ಕಾಯ್ತಾರೆ. ತಿಂಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು. ಹೊಸೂರಿನಂಥ ಹೊರರಾಜ್ಯದ ಊರಿಗೆ ಮಳಿಗೆ ಒಯ್ಯುವ ಮುನ್ನ ತೆರಿಗೆ ಸಲಹೆಗಾರರನ್ನು ಕೇಳಿ, ಅಲ್ಲಿ ಈ 40 ಲಕ್ಷದ ಲೆಕ್ಕ ನಡೆಯದೇ ಇರಬಹುದು.

ಹಾಲಿನ ಲೆಕ್ಕವನ್ನು ಕ್ಯಾಲೆಂಡರ್ ಮೇಲೆ ಬರೆಯೋ ನಮಗೆ ಇದೇನು ಕಷ್ಟವಲ್ಲ, ಅಲ್ವೇ?