ತಣ್ಣೀರಿನ ಅಂಗಿ: ಅಗ್ಗವೆಂದರೆ ಯಾವುದು?

— ಅಂತಿಮ ಬಿ. ಎ. ವಿದ್ಯಾರ್ಥಿನಿ

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ನಮ್ಮ ನೆರೆಮನೆಯ ದೊಡ್ಡಮ್ಮ ನನ್ನನ್ನು ಕರೆದು, "ಅಲ್ಲ ಮಗಾ, ನೀರಿಗೆ ಇಳಿಯುದಕ್ಕೂ ಒಂದೂವರೆ ಲಕ್ಷದ ಅಂಗಿ ಬೇಕಾ?" ಎಂದು ಕೇಳಿದಳು. ಆಕೆಯ ಕೈಯಲ್ಲಿ ಎರಡು ಬಳೆಗಳಿದ್ದವು. ಕೈಗೆ ತೊಟ್ಟಿರಲಿಲ್ಲ, ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದಳು. ಸೊಸೈಟಿಯಲ್ಲಿ ಅಡವಿಡುವ ಮೊದಲು ಓದು ಬಲ್ಲವರೊಬ್ಬರನ್ನು ಕೇಳೋಣವೆಂದು ನನ್ನನ್ನು ಕರೆದಿದ್ದಳು. ನಮ್ಮ ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬ ಆಕೆಯ ಮಗ.

ಅವನನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯಲ್ಲಿ ರಜಾದಿನಗಳಲ್ಲಿ ದುಡಿದು, ಸ್ಕೂಬಾ ಮುಳುಗನ್ನು ಕಲಿತವನು. ಈಗ ವಿದ್ಯಾರ್ಥಿವೇತನದ ನೆರವಿನಿಂದ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಸಮುದ್ರದ ವಿಷಯವನ್ನು ಓದುತ್ತಿದ್ದಾನೆ. ಅಲ್ಲಿ ಸ್ಕಾಪಾ ಫ್ಲೋ ಎಂಬ ವಿಶಾಲವಾದ ಕೊಲ್ಲಿಯುಂಟು. ಮೊದಲ ಮಹಾಯುದ್ಧದ ನಂತರ ಸೆರೆಯಲ್ಲಿದ್ದ ತಮ್ಮ ನೌಕಾಪಡೆಯನ್ನು ಜರ್ಮನರು 1919ರ ಜೂನ್ 21ರಂದು ತಾವೇ ಅಲ್ಲಿ ಮುಳುಗಿಸಿದರು. 52 ಹಡಗುಗಳು ತಳ ಸೇರಿದವು. ಬಹುಪಾಲನ್ನು ಮುಂದೆ ಮೇಲೆತ್ತಿ ಗುಜರಿಗೆ ಹಾಕಿದರಾದರೂ ಏಳು ದೊಡ್ಡ ಹಡಗುಗಳು ಇಂದಿಗೂ ಅಲ್ಲಿ ಮಲಗಿವೆ. ಅವನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಮುಳುಗುಗಾರರು ಬರುತ್ತಾರೆ. ಮೀನುಗಾರನ ಮಗನೊಬ್ಬ ಅಂಥ ನೀರಿನ ದಡದಲ್ಲಿದ್ದೂ ಇಳಿಯದೆ ಹಿಂದಿರುಗಬೇಕೆಂದರೆ ಅದು ನ್ಯಾಯವಾಗದು.

ಆದರೆ ಆ ನೀರು ನಮ್ಮ ನೀರಲ್ಲ. ನೇತ್ರಾಣಿಯಲ್ಲಿ ಸಮುದ್ರ ಸುಮಾರು 28 ಡಿಗ್ರಿ ಬೆಚ್ಚಗಿರುತ್ತದೆ. ತೆಳ್ಳನೆಯ ಉಡುಪೇ ಸಾಕು. ಸ್ಕಾಪಾದಲ್ಲಿ ನಡುಬೇಸಗೆಯಲ್ಲೂ ಸುಮಾರು 13 ಡಿಗ್ರಿ. ಚಳಿಗಾಲದ ಕೊನೆಗೆ 6-7ಕ್ಕೆ ಇಳಿಯುವುದುಂಟು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದೊಯ್ಯುತ್ತದೆ. ಬೆರಳು ಮರಗಟ್ಟಿದವನು ತನ್ನ ಗಾಳಿಯ ಕೊಳವೆಯನ್ನೇ ಸರಿಯಾಗಿ ಹಿಡಿಯಲಾರ. ವೆಟ್‌ಸೂಟ್ ಎಂಬ ಉಡುಪು ಮೈಗೂ ರಬ್ಬರಿಗೂ ನಡುವೆ ತೆಳ್ಳನೆಯ ನೀರಿನ ಪದರವನ್ನು ಬಿಟ್ಟು ಅದನ್ನೇ ಬೆಚ್ಚಗಿಡುತ್ತದೆ. ಡ್ರೈಸೂಟ್ ನೀರನ್ನು ಒಳಗೆ ಬಿಡುವುದೇ ಇಲ್ಲ. ಕೊರಳು ಮತ್ತು ಮಣಿಕಟ್ಟುಗಳನ್ನು ಬಿಗಿಯಾಗಿ ಮುಚ್ಚಿ, ಒಳಗೆ ಉಣ್ಣೆಯಂಥ ಬಟ್ಟೆಯನ್ನೂ ಗಾಳಿಯನ್ನೂ ಉಳಿಸಿಕೊಳ್ಳುತ್ತದೆ. ಆದುದರಿಂದ ದೊಡ್ಡಮ್ಮನ ಪ್ರಶ್ನೆಗೆ ಮೊದಲ ಉತ್ತರ: ಅಂಗಿ ಬೇಕು. ಒಂದೂವರೆ ಲಕ್ಷದ್ದು ಬೇಕೇ ಎಂಬುದು ಬೇರೆಯ ಮಾತು.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಕಾಲೇಜಿನ ಮೊದಲ ವರ್ಷ ನಾನು ಸಂತೆಯಲ್ಲಿ ಎಲ್ಲಕ್ಕಿಂತ ಕಡಮೆ ಬೆಲೆಯ ಮಳೆಯಂಗಿಯನ್ನು ಕೊಂಡೆ. ಜೂನ್ ಮುಗಿಯುವುದರೊಳಗೆ ಕಂಕುಳಿನ ಹೊಲಿಗೆ ಬಿಟ್ಟಿತು. ಎರಡನೆಯ ವರ್ಷ ಇನ್ನೊಂದು. ಮೂರನೆಯ ವರ್ಷ ಮತ್ತೊಂದು. ಮೂರರ ಬೆಲೆಯನ್ನು ಕೂಡಿಸಿದರೆ, ಗೆಳತಿಯೊಬ್ಬಳು ಮೊದಲ ವರ್ಷ ಕೊಂಡು ಇಂದಿಗೂ ತೊಡುವ ಒಳ್ಳೆಯ ಮಳೆಯಂಗಿಯ ಬೆಲೆಯನ್ನು ಮೀರುತ್ತದೆ. ನೆನೆದು ಹಾಳಾದ ಪುಸ್ತಕಗಳ ಲೆಕ್ಕ ಬೇರೆ. ನನಗೆ ಆಗ ಬುದ್ಧಿಯಿರಲಿಲ್ಲವೆಂದಲ್ಲ. ಒಳ್ಳೆಯದರ ಹಣ ಒಮ್ಮೆಗೇ ಕೈಯಲ್ಲಿರಲಿಲ್ಲ. ಬಡವರಿಗೆ ವಸ್ತುಗಳು ತುಟ್ಟಿಯಾಗುವ ಬಗೆ ಇದೇ.

ಹಾಗೆಂದು ಎಲ್ಲಕ್ಕಿಂತ ಬೆಲೆಬಾಳುವುದನ್ನೇ ಕೊಳ್ಳಬೇಕೆಂಬ ವಾದವನ್ನೂ ನಾನು ಒಪ್ಪಲಾರೆ. ಅಣ್ಣನ ಸಹಪಾಠಿಗಳು, "ಕೊಂಡರೆ ಅತ್ಯುತ್ತಮವಾದುದನ್ನೇ ಕೊಳ್ಳು, ಜೀವದ ಪ್ರಶ್ನೆ" ಎಂದರಂತೆ. ಹೊಸ ಡ್ರೈಸೂಟು ಕೆಲವು ನೂರು ಪೌಂಡುಗಳಿಂದ ಆರಂಭವಾಗಿ ಎರಡು ಸಾವಿರ ಪೌಂಡನ್ನೂ ದಾಟುತ್ತದೆ. ಒಂದು ಪೌಂಡೆಂದರೆ ನೂರು ರೂಪಾಯಿಗೂ ಮೇಲೆ. ಈ ಅಂತರದಲ್ಲಿ ಎಷ್ಟು ಪಾಲು ಜೀವರಕ್ಷಣೆಗೆ, ಎಷ್ಟು ಪಾಲು ಜೇಬು, ಬಣ್ಣ, ಹೆಸರುಗಳಿಗೆ ಎಂದು ವಿಚಾರಿಸದೆ ಹಣ ಕೊಟ್ಟರೆ ಮೂಗಿಗಿಂತ ಮೂಗುತಿ ಭಾರವಾದೀತು.

ಹಾಗಾದರೆ ನೋಡಬೇಕಾದುದೇನು? ಅಣ್ಣನೂ ನಾನೂ ಫೋನಿನಲ್ಲಿ ಹಲವು ಸಂಜೆ ಚರ್ಚಿಸಿ, ಅಲ್ಲಿಯ ಅನುಭವಸ್ಥರನ್ನು ಅವನು ಕೇಳಿ ತಿಳಿದುದರ ಸಾರವನ್ನು ಹೇಳುತ್ತೇನೆ.

ಮೊದಲನೆಯದು ಅಳತೆ. ಉಡುಪು ದೊಡ್ಡದಾದರೆ ಒಳಗಿನ ಗಾಳಿ ಅತ್ತಿತ್ತ ಓಡಾಡುತ್ತದೆ. ಕಾಲಿನ ಕಡೆಗೆ ನುಗ್ಗಿದರೆ ಮನುಷ್ಯನನ್ನು ತಲೆಕೆಳಗಾಗಿ ಮೇಲಕ್ಕೆ ಎಳೆಯಬಹುದು. ಚಿಕ್ಕದಾದರೆ ಬೆನ್ನಿನ ಸಿಲಿಂಡರಿನ ಬಿರಡೆಗೆ ಕೈ ಎಟುಕದು. ಒಳಬಟ್ಟೆ ತೊಟ್ಟೇ ಉಡುಪನ್ನು ಹಾಕಿಕೊಂಡು, ಕುಕ್ಕರಗಾಲಿನಲ್ಲಿ ಕುಳಿತು, ಎದೆಯ ಮೇಲೆ ಕೈಕಟ್ಟಿ, ಬೆನ್ನ ಹಿಂದಕ್ಕೆ ಕೈ ಚಾಚಿ ನೋಡಬೇಕು. ಅಳತೆಗೆ ಕೂಡದ ಉಡುಪನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಬೇಕು.

ಎರಡನೆಯದು ಬಟ್ಟೆ. ನಿಯೋಪ್ರೀನ್ ಎಂಬ ನೊರೆರಬ್ಬರಿನದು ತಾನೇ ಸ್ವಲ್ಪ ಬೆಚ್ಚಗಿರುತ್ತದೆ, ಮೈಗೆ ಹೊಂದುತ್ತದೆ. ಆದರೆ ಭಾರ, ಒಣಗುವುದು ತಡ, ಆಳಕ್ಕೆ ಹೋದಂತೆ ಒತ್ತಡಕ್ಕೆ ಸಿಕ್ಕಿ ತೆಳ್ಳಗಾಗುತ್ತದೆ. ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರವಿಟ್ಟ ಟ್ರೈಲ್ಯಾಮಿನೇಟ್ ಹಗುರ, ಬೇಗ ಒಣಗುತ್ತದೆ, ತೇಪೆ ಹಾಕುವುದು ಸುಲಭ. ಆದರೆ ತಾನಾಗಿ ಬೆಚ್ಚಗಿಡದು. ಬಿಸುಪೆಲ್ಲ ಒಳಬಟ್ಟೆಯದು. ಬೆವರಿ ಒದ್ದೆಯಾಗುವ ಹತ್ತಿ ಇಲ್ಲಿ ನಿರುಪಯೋಗಿ. ಉಣ್ಣೆ ಇಲ್ಲವೆ ಫ್ಲೀಸ್ ಬೇಕು. ಒಂದೇ ಉಡುಪನ್ನು ಒಳಬಟ್ಟೆ ಬದಲಿಸಿ ಚಳಿಗೂ ಬೇಸಗೆಗೂ ಬಳಸಬಹುದಾದುದರಿಂದ ಬಡ ವಿದ್ಯಾರ್ಥಿಗೆ ಟ್ರೈಲ್ಯಾಮಿನೇಟೇ ಮೇಲೆಂದು ನನ್ನ ಅಭಿಪ್ರಾಯ.

ಮೂರನೆಯದು ಜಿಪ್ಪು, ಪಟ್ಟಿ, ಕವಾಟ. ನೀರು ಹೊಗದ ಜಿಪ್ಪನ್ನು ಬದಲಿಸುವುದೇ ಎಲ್ಲಕ್ಕಿಂತ ದುಬಾರಿಯ ರಿಪೇರಿ. ಹಲ್ಲು ಮುರಿದ ಜಿಪ್ಪಿರುವ ಉಡುಪು ಅಗ್ಗವೆಂದು ತೋರಿದರೂ ಅಗ್ಗವಲ್ಲ. ಕೊರಳು, ಮಣಿಕಟ್ಟಿನ ಲ್ಯಾಟೆಕ್ಸ್ ಪಟ್ಟಿಗಳಾದರೋ ಬಿಸಿಲಿಗೂ ಎಣ್ಣೆಗೂ ಸವೆಯುವಂಥವು. ಅವು ಅಂಟಂಟಾಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಬೇಕು. ಎದೆಯ ಮೇಲೆ ಗಾಳಿ ತುಂಬುವ ಕವಾಟ, ಎಡತೋಳಿನಲ್ಲಿ ಗಾಳಿ ಬಿಡುವ ಕವಾಟ, ಎರಡನ್ನೂ ಬಲ್ಲವರಿಂದ ಪರೀಕ್ಷಿಸಿಯೇ ನೀರಿಗಿಳಿಯಬೇಕು. ಸೋರಿಕೆಯನ್ನು ಕಂಡುಹಿಡಿಯುವ ಕ್ರಮ ನಮ್ಮ ಸೈಕಲ್ ಅಂಗಡಿಯದೇ: ಕೊರಳನ್ನೂ ತೋಳುಗಳನ್ನೂ ಬಿಗಿದು, ಗಾಳಿ ತುಂಬಿ, ಸೋಪಿನ ನೀರು ಸವರಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ಕಲಿಕೆ. 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗಿ ಉಡುಪಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗಿ ಮೈಯನ್ನು ಹಿಂಡುತ್ತದೆ. ಆಗ ಗಾಳಿ ತುಂಬಬೇಕು. ಮೇಲೇರುವಾಗ ಅದೇ ಗಾಳಿ ಹಿಗ್ಗುತ್ತದೆ, ಆಗ ಬಿಡಬೇಕು. ಬಿಡಲು ತಪ್ಪಿದವನು ಮೇಲಕ್ಕೆ ಚಿಮ್ಮಿ ಶ್ವಾಸಕೋಶಕ್ಕೂ ರಕ್ತಕ್ಕೂ ಆಪತ್ತು ತಂದುಕೊಂಡಾನು. ಎಷ್ಟು ಬೆಲೆಯ ಉಡುಪೂ ಈ ಅಭ್ಯಾಸವನ್ನು ಕಲಿಸದು. ಕೊಳದಲ್ಲಿ, ಗುರುವಿನ ಎದುರಿನಲ್ಲಿ ಕಲಿಯಬೇಕು. ಬ್ರಿಟಿಷ್ ಸಬ್-ಆಕ್ವಾ ಕ್ಲಬ್ 1953ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅದರ ಶಾಖೆಗಳಲ್ಲಿ ಹಳಬರು ಹೊಸಬರಿಗೆ ಕಲಿಸುವ ಪದ್ಧತಿಯುಂಟು. ಉಡುಪಿನಲ್ಲಿ ಉಳಿಸಿದ ಹಣದಲ್ಲಿ ಮೊದಲ ಪಾಲು ಕಲಿಕೆಗೆ ಸಲ್ಲಬೇಕು.

ಈ ವಿಚಾರದಲ್ಲಿ ಎರಡು ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಒಂದು: ಇನ್ನೊಬ್ಬರು ತೊಟ್ಟು ಬಿಟ್ಟ ಬಟ್ಟೆಯನ್ನು ತೊಡುವುದು ಅವಮಾನ. ಈ ಮಾತನ್ನು ಆಡಿದವನು ಅಣ್ಣನೇ. ಅವನು ಏಳನೆಯ ತರಗತಿಯವರೆಗೆ ದಣಿಗಳ ಮಗನ ಹಳೆಯ ಅಂಗಿಗಳನ್ನು ತೊಟ್ಟವನು. ಆ ನೋವು ನನಗೂ ಗೊತ್ತು. ಆದರೆ ದಾನವಾಗಿ ಬಂದುದಕ್ಕೂ ಪರೀಕ್ಷಿಸಿ, ಚೌಕಾಸಿ ಮಾಡಿ, ಹಣ ಕೊಟ್ಟು ಕೊಂಡುದಕ್ಕೂ ಅಜಗಜಾಂತರವಿದೆ. ನಾನು ಓದಿದ ಪಠ್ಯಪುಸ್ತಕಗಳೆಲ್ಲ ಹಿಂದಿನ ವರ್ಷದವರ ಕೈಯಿಂದ ಕೊಂಡವೇ; ಅವುಗಳಲ್ಲಿ ಓದಿದುದು ನನ್ನ ವಿದ್ಯೆಯಲ್ಲವೆ?

ಎರಡು: ಕೂಲಿಯವರ, ಬಲೆಯವರ ಮಕ್ಕಳಿಗೆ ಇಂಥ ಹವ್ಯಾಸವೇಕೆ? ಓದು ಮುಗಿಸಿ ನೌಕರಿ ಹಿಡಿಯಬಾರದೆ? ಹೀಗೆನ್ನುವವರು ಒಳ್ಳೆಯ ಮನಸ್ಸಿನವರೇ. ಆದರೆ ಸಮುದ್ರದ ಮೇಲ್ಮೈಯಲ್ಲಿ ಮೂರು ತಲೆಮಾರು ಬಲೆ ಎಳೆದ ಮನೆಯ ಮಗ ಅದರ ತಳವನ್ನು ನೋಡಬಯಸಿದರೆ ಅದು ಷೋಕಿಯೆನಿಸುತ್ತದೆ. ಸಮುದ್ರವನ್ನೇ ಕಾಣದೆ ಬೆಳೆದ ಶ್ರೀಮಂತರ ಮಗ ಬಯಸಿದರೆ ಸಾಹಸವೆನಿಸುತ್ತದೆ. ಈ ಭೇದವನ್ನು ನಾನು ಒಪ್ಪಲಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಖರ್ಚಿಗೆ ಸರಿ. ಆಸೆಗೆ ಅದನ್ನು ಅನ್ವಯಿಸಿದ್ದರೆ ನಾನು ಈ ಕಾಲೇಜಿಗೆ ಬರುತ್ತಿರಲಿಲ್ಲ.

ದೊಡ್ಡಮ್ಮನಿಗೆ ನಾನು ಹೇಳಿದುದು ಇಷ್ಟು: "ಬಳೆ ಹಾಕ್ಕೊಳ್ಳಿ. ಈ ಚಳಿಗಾಲ ಅವನು ಬಾಡಿಗೆಯದ್ದು ತೊಟ್ಟು ಕಲೀಲಿ. ಕಲ್ತ ಮೇಲೆ ನೋಡುವಾ." ಅಣ್ಣ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಆಮೇಲೆ ಒಪ್ಪಿದ.

ನನ್ನ ಸಲಹೆಯಲ್ಲೂ ಒಂದು ತಪ್ಪು ಲೆಕ್ಕವಿತ್ತೆಂದು ಒಪ್ಪಿಕೊಳ್ಳಬೇಕು. ಹಳೆಯ ಉಡುಪು ಸುಲಭವಾಗಿ ದೊರೆತೀತೆಂದು ನಾನೆಣಿಸಿದ್ದೆ. ಅಲ್ಲಿಯವರು ಎತ್ತರದ ಆಳುಗಳು. ನಮ್ಮ ಅಣ್ಣನ ಎತ್ತರ ಐದು ಅಡಿ ನಾಲ್ಕು ಅಂಗುಲ. ಮಾರಾಟಕ್ಕೆ ಬಂದ ಮೂರು ಉಡುಪುಗಳನ್ನು ತೊಟ್ಟು ನೋಡಿ, ಮೂರನ್ನೂ ಬಿಡಬೇಕಾಯಿತು. ಕೊನೆಗೆ ಏಪ್ರಿಲಿನಲ್ಲಿ, ಮುಳುಗುವುದನ್ನು ಬಿಟ್ಟ ಗಿಡ್ಡ ಆಳಿನ ಅಧ್ಯಾಪಕರೊಬ್ಬರಿಂದ ಟ್ರೈಲ್ಯಾಮಿನೇಟ್ ಉಡುಪೊಂದು ಸಿಕ್ಕಿತು. ಕೊರಳಪಟ್ಟಿ ಬದಲಿಸಿ, ಕವಾಟ ಪರೀಕ್ಷಿಸಿದ ಖರ್ಚು ಸೇರಿದರೂ ಮೊದಲು ಹೇಳಿದ ಒಂದೂವರೆ ಲಕ್ಷದ ಮೂರನೆಯ ಒಂದು ಪಾಲನ್ನು ಮೀರಲಿಲ್ಲ. ಅದನ್ನು ಅವನು ಸಂಜೆಯ ಹೊತ್ತು ಹೋಟೆಲಿನಲ್ಲಿ ಪಾತ್ರೆ ತೊಳೆದು ಕೂಡಿಸಿದ ಹಣದಿಂದಲೇ ತೀರಿಸಿದ.

ಮೊದಲ ಸಲ ಅವನು ಇಳಿದುದು ದೊಡ್ಡ ಯುದ್ಧನೌಕೆಗಳ ಆಳಕ್ಕಲ್ಲ. ಶತ್ರುಗಳ ದಾರಿ ಕಟ್ಟಲು ಆಂಗ್ಲರು ಮುಳುಗಿಸಿದ, ಆಳವಿಲ್ಲದ ನೀರಿನಲ್ಲಿರುವ ಹಳೆಯ ಹಡಗೊಂದಕ್ಕೆ. ಕೈ ತಿರುಗಿಸಿದಾಗ ನರದ ಸಂದಿನಿಂದ ನೀರು ಜಿನುಗಿ ಎಡ ಮಣಿಕಟ್ಟು ಒದ್ದೆಯಾಯಿತಂತೆ. ಉಳಿದಂತೆ ಮೈಯೆಲ್ಲ ಒಣಗಿತ್ತಂತೆ. ಅಂದು ರಾತ್ರಿ ದೊಡ್ಡಮ್ಮ ಫೋನಿನಲ್ಲಿ ಹಡಗಿನ ಸುದ್ದಿ ಕೇಳಲಿಲ್ಲ, "ಚಳಿ ಆಯ್ತಾ ಮಗಾ?" ಎಂದು ಮಾತ್ರ ಕೇಳಿದಳು. "ಇಲ್ಲ ಅಮ್ಮಾ" ಎಂದ. ಬಳೆಗಳು ಆಕೆಯ ಕೈಯಲ್ಲೇ ಇದ್ದವು.