ಗಿಳಿ ಅಂದ್ರ ಸೀರಿ ಅಲ್ರಿ, ಬಣ್ಣ ನೋಡಿ ಆರಿಸ್ಲಿಕ್ಕೆ

ಮೊನ್ನೆ ನಮ್ಮ ಓಣಿ ವಹಿನಿಯೊಬ್ರು ಫೋನ್ ಮಾಡಿ, "ಮೊಮ್ಮಗನ ಹುಟ್ಟುಹಬ್ಬಕ್ಕ ಒಂದು ಗಿಳಿ ಕೊಡಸ್ಬೇಕಂತ ಮಾಡೇನಿ, ಯಾವ ಬಣ್ಣದ್ದು ಛಲೋ?" ಅಂತ ಕೇಳಿದ್ರು. ಮೊದಲ ನಗು ಬಂತು, ಆಮ್ಯಾಲ ಸ್ವಲ್ಪ ಸಿಟ್ಟೂ ಬಂತು. ಫೋನಿನಾಗ ಅರ್ಧ ಹೇಳಿದೆ, ಉಳಿದದ್ದು ಇಲ್ಲೆ ಬರೀತೀನಿ.

ನನ್ನ ತವರುಮನ್ಯಾಗ ಒಂದು ಹಸಿರು ಗಿಳಿ ಇತ್ತು. ನಾ ಸಾಲಿಗೆ ಹೋಗೂ ಕಾಲದ ಮಾತು. ಸಣ್ಣದಿದ್ದಾಗ ಅದಕ್ಕ ಸೀತವ್ವ ಅಂತ ಕರೀತಿದ್ವಿ. ಎರಡು ಮೂರು ವರ್ಷಕ್ಕ ಕೊರಳಾಗ ಕರಿ-ಗುಲಾಬಿ ಉಂಗುರ ಮೂಡ್ತು, ಆವಾಗ ಗೊತ್ತಾತು ಅದು ಗಂಡು ಅಂತ! ಹೆಣ್ಣಿಗೆ ಆ ಉಂಗುರ ಇರೂದಿಲ್ಲ. ಸೀತವ್ವ ಹೋಗಿ ರಾಮಪ್ಪ ಆತು. ನಾವ್ಯಾರು ಪೇರಲಹಣ್ಣು ಕೊಟ್ರೂ ಬೆರಳೇ ಕಚ್ಚತಿತ್ತು. ಅಪ್ಪನ ಮುಂದ ಮಾತ್ರ ಕುತ್ತಿಗಿ ಬಗ್ಗಿಸಿ ತುರಿಸ್ಕೋತಿತ್ತು. ದಿನಾ ಕಾಳು ಹಾಕಿ, ಪಂಜರ ತೊಳಿಯಾಕಿ ಅವ್ವ. ಆಕಿಗೂ ಕಚ್ಚತಿತ್ತು. "ಈ ಮನಿ ಗಂಡಸರ ಬುದ್ಧಿನ ಕಲ್ತದ" ಅಂತಿದ್ಲು.

ಸಂಜಿಕ ಬಾಗಿಲ ಸಪ್ಪಳ ಆದ್ರ ಸಾಕು, "ಬಂದ್ರೇನು?" ಅನ್ನೋದು, ಥೇಟ್ ಅವ್ವನ ದನಿಯಾಗ. ಅಪ್ಪ ಹೋದ ಮ್ಯಾಲೂ ತಿಂಗಳಗಟ್ಟಲೆ ಹಂಗ ಅಂತಿತ್ತು. ಆ ಹೊತ್ತಿಗೆ ಅವ್ವ ಅಡಗಿಮನಿ ಬಿಟ್ಟು ಹೊರಗ ಬರ್ತಿರಲಿಲ್ಲ. ಮುಂದ ಅದು ಎದಿ ಮ್ಯಾಲಿನ ಪುಕ್ಕ ತಾನೇ ಕಿತ್ಕೊಳ್ಳಿಕ್ಕೆ ಶುರು ಮಾಡ್ತು. ನಾವು ಯಾವದೋ ರೋಗ ಅಂದ್ಕೊಂಡ್ವಿ. ಒಂಟಿಯಾದ್ರ, ಬ್ಯಾಸರಾದ್ರೂ ಗಿಳಿ ಹಂಗ ಮಾಡ್ತಾವ ಅಂತ ನನಗ ತಿಳಿದದ್ದು ಭಾಳ ವರ್ಷದ ಮ್ಯಾಲ.

ಹಸಿರು ಗಿಳಿ ತರಬ್ಯಾಡ್ರಿ ಅಂತ ಖಡಾಖಂಡಿತ ಹೇಳ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಳಿ ಹಿಡಿಯೋದು, ಮಾರೋದು, ಪಂಜರದಾಗ ಇಡೋದು ಅಪರಾಧ. ಭುಜದ ಮ್ಯಾಲ ಕೆಂಪು ಮಚ್ಚಿ ಇರೋ ದೊಡ್ಡ ಗಿಳಿನೂ ಅದರಾಗ ಬಂತು, ಗುಲಾಬಿ-ನೇರಳೆ ತಲಿ ಸಣ್ಣ ಗಿಳಿನೂ ಬಂತು. "ಜಾತ್ರ್ಯಾಗ ಮಾರ್ತಾರಲ್ಲ?" ಅಂತೀರಿ. ಮಾರ್ತಾರ ಅಂದ ಮಾತ್ರಕ್ಕ ಸರಿ ಆಗ್ತದೇನು?

ಇನ್ನ ಅಂಗಡ್ಯಾಗ ಸಿಗೋ ಹೊರದೇಶದ್ದು. ಆಸ್ಟ್ರೇಲಿಯಾದ ಬಡ್ಜಿ ಮೂಲದಾಗ ಹಸಿರು-ಹಳದಿ; ನೀಲಿ, ಬಿಳಿ ಎಲ್ಲಾ ಸಾಕೋ ಮಂದಿ ತಳಿ ಮಾಡಿದ್ದು. ದಿನವಿಡೀ ವಟವಟ, ಜೋಡಿ ಬೇಕೇ ಬೇಕು. ಆಫ್ರಿಕಾದ ಲವ್‌ಬರ್ಡ್ ಹೆಸರಿಗಷ್ಟ ಪ್ರೀತಿ, ಬ್ಯಾರೆ ಹಕ್ಕಿ ಹತ್ರ ಬಂದ್ರ ಕಾಲು ಕಚ್ಚೋ ಜಗಳಗಂಟಿ. ನನಗ ಮನಸ್ಸಿಗೆ ಬಂದದ್ದು ಕಾಕಟೀಲ್. ಗಲ್ಲಕ್ಕ ಕೇಸರಿ ಬೊಟ್ಟು, ತಲಿ ಮ್ಯಾಲ ಜುಟ್ಟು. ಬೆಚ್ಚಿದ್ರ ಜುಟ್ಟು ನೆಟ್ಟಗ, ಸಿಟ್ಟಾದ್ರ ಹಿಂದಕ್ಕ ಅಂಟಿರ್ತದ. ಮನಿ ಮಂದಿ ಮುಖಕ್ಕಿಂತ ಓದ್ಲಿಕ್ಕೆ ಸರಳ! ಆದ್ರ ಅದೂ ಹದಿನೈದು ವರ್ಷ ಬದುಕ್ತದ. ಕೆಂಪು ಬಾಲದ ಆಫ್ರಿಕಾ ಬೂದು ಗಿಳಿ ಅಂತೂ 40 ವರ್ಷದ ಮ್ಯಾಲ. ನಮ್ಮ ವಯಸ್ಸಿಗೆ ಅದನ್ನ ತಂದ್ರ ಉಯಿಲಿನಾಗ ಬರೀಬೇಕಾಗ್ತದ.

ಮತ್ತೊಂದು, ನಾನ್‌ಸ್ಟಿಕ್ ಬೋಗುಣಿ ಭಾಳ ಕಾದ್ರ ಬರೋ ಹೊಗಿ ನಮಗ ವಾಸನಿನೂ ಬರೂದಿಲ್ಲ, ಹಕ್ಕಿ ಅಲ್ಲೇ ಸತ್ತು ಬೀಳ್ತದ. ಇದನ್ನ ಅಂಗಡ್ಯಾಂವ ಹೇಳೂದಿಲ್ಲ. ಮೊಮ್ಮಗ ಎಂಟು ದಿನ ಕುಣಿದಾನು, ಒಂಬತ್ತನೇ ದಿನದಿಂದ ಪಂಜರ ತೊಳಿಯಾಕಿ ಯಾರು, ವಹಿನಿ?

ನಮ್ಮ ಹಿತ್ತಲ ಪೇರಲ ಗಿಡಕ್ಕ ಐದಾರು ಹಸಿರು ಗಿಳಿ ಬರ್ತಾವ. ಹುಡುಗನ್ನ ಒಂದಿನ ಮುಂಜಾನೆ ಏಳಕ್ಕ ಕಳಿಸ್ರಿ. ಅದರಾಗ ಒಂದು ಹೆಣ್ಣದ, ಉಳಿದವನ್ನೆಲ್ಲಾ ಓಡಿಸಿ ಒಳ್ಳೆ ಹಣ್ಣಿಗೇ ಬಾಯಿ ಹಾಕ್ತದ, ಅರ್ಧ ತಿಂದು ಕೆಳಗ ಚೆಲ್ತದ. ಅದಕ್ಕ ನಾ ಸೀತವ್ವ ಅಂತ ಹೆಸರಿಟ್ಟೀನಿ.